ಹತ್ತೂವರೆ ಔನ್ಸ್

ಜೂನ್ 12, ಗುರುವಾರ

ಬಂತು. ಮೂವತ್ತೊಂದು ವರ್ಷ ಪ್ರತಿ ವಸಂತದಲ್ಲೂ ಅರ್ಜಿ ಹಾಕಿ, ಪ್ರತಿ ಜೂನಿನಲ್ಲೂ ‘ಈ ಸಲ ಇಲ್ಲ’ ಎಂಬ ಕಾಗದವನ್ನು ಹರಿದು ಒಲೆಗೆ ಹಾಕಿದ ಮೇಲೆ, ಇವತ್ತು ಲಾಟರಿಯಲ್ಲಿ ಓರಿನ್‌ನ ಹೆಸರು ಎದ್ದಿದೆ. ಕಾಡುಟಗರಿನ ಬೇಟೆಗೆ ಪರವಾನಗಿ. ಒಂದೇ ಒಂದು ಟಗರು, ನಮ್ಮ ಮನೆಯ ಹಿಂದಿನ ಬೆಟ್ಟಸಾಲಿನಲ್ಲೇ, ಸೆಪ್ಟೆಂಬರ್ ಹದಿನೈದರಿಂದ. ಮೊಂಟಾನಾದ ಈ ಕಣಿವೆಯಲ್ಲಿ ಅದು ಸಿಗದೆ ಸತ್ತವರೇ ಹೆಚ್ಚು.

ಹೋದ ವರ್ಷ ಬಂದಿದ್ದರೂ ಆಗುತ್ತಿತ್ತು. ಹೋದ ವರ್ಷ ಅವನು ಕೆಮ್ಮಿಕೊಂಡಾದರೂ ಬೆಟ್ಟ ಹತ್ತುತ್ತಿದ್ದ. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತಿದೆ, ಅದನ್ನು ಮೆತ್ತಗೆ ಮಾಡುವ ಔಷಧಿ ಇಲ್ಲ ಎಂದು ಡಾಕ್ಟರು ಹೇಳಿದ್ದು ಫೆಬ್ರವರಿಯಲ್ಲಿ. ಅವತ್ತಿನಿಂದ ಮಲಗುವ ಕೋಣೆಯ ಮೂಲೆಯಲ್ಲಿ ಆಮ್ಲಜನಕದ ಯಂತ್ರ ಗುಂಯ್ ಎನ್ನುತ್ತಿದೆ. ಅದರಿಂದ ಐವತ್ತಡಿ ಉದ್ದದ ಕೊಳವೆ ಅವನ ಮೂಗಿಗೆ. ಆ ಕೊಳವೆ ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಗೆ ಓರಿನ್‌ನ ಊರು ಮುಗಿಯಿತು. ಈ ಕಡೆ ಜಗುಲಿ, ಆ ಕಡೆ ಅಡುಗೆಮನೆಯ ಹಿಂಬಾಗಿಲು.

ಕಾಗದ ಓದಿ ಬಹಳ ಹೊತ್ತು ನಕ್ಕ. ನಗುವುದಕ್ಕೂ ಉಸಿರು ಬೇಕಲ್ಲ, ನಿಲ್ಲಿಸಿ ನಿಲ್ಲಿಸಿ ನಕ್ಕ.

“ಲಾರ್ನಾ, ನೋಡೇ ಇಲ್ಲಿ. ಇನ್ನು ಇವನು ಬರಲ್ಲ ಅಂತ ಆ ಟಗರಿಗೂ ಸುದ್ದಿ ಹೋಗಿದೆ. ಅದಕ್ಕೇ ಒಪ್ಕೊಂಡಿದೆ.”

“ಯಾಕ್ ಬರಲ್ಲ? ಬರ್ತೀಯ.”

“ಅಪ್ಪನ ಬಂದೂಕು ಒಂಬತ್ತು ಪೌಂಡ್ ಕಣೇ. ಅದರ ಮೇಲೆ ಈ ಗಾಳಿ ಸಿಲಿಂಡರ್ ಬೇರೆ ಹೆಗಲಿಗೆ.”

“ಬಂದೂಕು ಹಗುರ ಮಾಡೋದು ನನಗೆ ಬಿಡು.”

ಬಾಯಿಂದ ಬಂದುಬಿಟ್ಟಿತು. ಆದರೆ ಸುಳ್ಳೇನಲ್ಲ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಲೇತ್ ಮುಂದೆ ನಿಂತವಳು ನಾನು. ಗ್ಯಾರೇಜಿನಲ್ಲಿ ನನ್ನದೇ ಲೇತ್ ಇದೆ, ಮಿಲ್ಲಿಂಗ್ ಮಷೀನ್ ಇದೆ, ನಿವೃತ್ತಿಯ ದಿನ ತಂದ ಟೈಟಾನಿಯಂ ಸರಳುಗಳಿವೆ. ಬಂದೂಕಿನ ಉಕ್ಕಿನ ಭಾಗಗಳನ್ನು ಟೈಟಾನಿಯಂನಲ್ಲಿ ಮಾಡಿದರೆ ತೂಕ ಹೆಚ್ಚುಕಮ್ಮಿ ಅರ್ಧ. ಪರವಾನಗಿ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಇದನ್ನು ಬರೆಯುತ್ತಿದ್ದೇನೆ.

ಜೂನ್ 15, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಬಂದೂಕನ್ನು ತೂಗಿದೆ: ಒಂಬತ್ತು ಪೌಂಡ್ ಎರಡು ಔನ್ಸ್. ಹದಿನಾರು ಔನ್ಸಿಗೆ ಒಂದು ಪೌಂಡ್. ನಳಿಕೆ ಮುಟ್ಟುವ ಹಾಗಿಲ್ಲ, ಮರದ ಹಿಡಿ ಓರಿನ್‌ನ ಅಪ್ಪ ಕೈಯಾರೆ ಕೆತ್ತಿದ್ದು, ಅದನ್ನೂ ಮುಟ್ಟುವ ಹಾಗಿಲ್ಲ. ಉಳಿದದ್ದು ಕುದುರೆಯ, ಅಂದರೆ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೀಲಿನ, ಸುತ್ತಲಿನ ಬಳೆ, ದುರ್ಬೀನು ಹಿಡಿಯುವ ಎರಡು ಉಂಗುರ, ಹೆಗಲಿಗೆ ಆನಿಸುವ ತಳದ ತಗಡು, ಸ್ಕ್ರೂಗಳು, ಪಟ್ಟಿ ಕಟ್ಟುವ ಕೊಂಡಿಗಳು. ಬಿಚ್ಚಿದ ಹಳೆಯ ಉಕ್ಕನ್ನೆಲ್ಲ ಕಾಫಿ ಡಬ್ಬಿಗೆ ಹಾಕಿಟ್ಟೆ.

ಓರಿನ್ ಹಿಂಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ. ಗ್ಯಾರೇಜಿಗೆ ಕೊಳವೆ ಎಟುಕುವುದಿಲ್ಲ. ಎಟುಕಿದ್ದರೂ ಬಿಡುತ್ತಿರಲಿಲ್ಲ. ಕಿಡಿ ಹಾರುವ ಕಡೆ ಆಮ್ಲಜನಕ ತಂದರೆ ಮನೆ ಸಮೇತ ಸುಟ್ಟುಹೋಗುತ್ತೇವೆ.

“ಹನ್ನೊಂದು ಹೆಜ್ಜೆ,” ಅಂದ. “ಇಲ್ಲಿಂದ ನಿನ್ನ ಲೇತ್‌ಗೆ. ಮೊದಲೆಲ್ಲ ಎಣಿಸೇ ಇರಲಿಲ್ಲ.”

“ಎಣಿಸೋದು ಬಿಟ್ಟು ಬೀನ್ಸ್ ಬಿಡಿಸು,” ಎಂದು ಬುಟ್ಟಿ ಅವನ ತೊಡೆಯ ಮೇಲಿಟ್ಟು ಹೋದೆ.

ಜೂನ್ 24, ಮಂಗಳವಾರ

ಸ್ಕ್ರೂಗಳು ಮುಗಿದವು. ಟೈಟಾನಿಯಂ ಮುಂಗೋಪಿ ಲೋಹ. ಲೇತ್ ನಿಧಾನಕ್ಕೆ ತಿರುಗಬೇಕು, ಆದರೆ ಟೂಲ್ ಧೈರ್ಯವಾಗಿ ಒಳಗೆ ಇಳಿಯಬೇಕು. ಹೆದರಿ ಹೆದರಿ ಮೇಲಮೇಲೆ ಸವರಿದರೆ ಅದು ಕಡಿಯುವುದಿಲ್ಲ, ಉಜ್ಜುತ್ತದೆ. ಉಜ್ಜಿದ ಕಡೆ ಕಾದು ಗಟ್ಟಿಯಾಗುತ್ತದೆ, ಆಮೇಲೆ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಕಾರ್ಖಾನೆಗೆ ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದೆ: ಕಡಿಯುವುದಾದರೆ ಕಡಿ, ಇಲ್ಲವಾದರೆ ಟೂಲ್ ಹಿಂದಕ್ಕೆ ತೆಗೆ, ನಡುವೆ ನಿಂತು ಯೋಚನೆ ಮಾಡಬೇಡ.

ಇವತ್ತು ಆರು ಗಂಟೆ ನಿಂತಿದ್ದೆ. ಸೊಂಟ ಬಿದ್ದುಹೋಗಿದೆ. ಸುಖವಾಗಿದೆ.

ಜುಲೈ 11, ಶುಕ್ರವಾರ

ಕುದುರೆಯ ಬಳೆ ಮುಗಿಯಿತು. ಉಕ್ಕಿನದು ಐದು ಔನ್ಸ್, ಇದು ಮೂರಕ್ಕೂ ಕಡಿಮೆ. ಬೆಳ್ಳಿಗಿಂತ ಸ್ವಲ್ಪ ಮಂಕು ಬಣ್ಣ, ಮುಟ್ಟಿದರೆ ಬೆಚ್ಚಗೆ. ಗ್ಯಾರೇಜಿನಿಂದ ಬರುವಾಗ ಏನೋ ಗುನುಗುತ್ತಿದ್ದೆನಂತೆ, ಓರಿನ್ ಹೇಳಿದ. ಬಳೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿ, “ಚೆನ್ನಾಗಿದೆ ಕಣೇ,” ಅಂದ. ಇನ್ನೇನೋ ಹೇಳುವವನಂತೆ ಬಾಯಿ ತೆರೆದ. ಕೆಮ್ಮು ಬಂತು.

ಫ್ರಿಜ್ಜಿನ ಮೇಲೆ ಪರವಾನಗಿ ಇರಲಿಲ್ಲ. ಕೇಳಿದೆ.

“ಎಣ್ಣೆ ಕೈ ತಾಗಿ ಹಾಳಾಗುತ್ತೆ ಅಂತ ಬೈಬಲ್ ಒಳಗೆ ಇಟ್ಟಿದೀನಿ.”

ಎಣ್ಣೆ ಕೈ ನನ್ನದೇ. ಒಳ್ಳೆಯದೇ ಆಯಿತು ಅಂದುಕೊಂಡೆ. ಬುಧವಾರ ಕಾಸ್ಪರ್ ಬಂದಿದ್ದನಂತೆ. ಬೇಟೆ ಇಲಾಖೆಯ ವಾರ್ಡನ್, ಇಪ್ಪತ್ತು ವರ್ಷ ಓರಿನ್ ಜೊತೆ ಕಾಡು ಸುತ್ತಿದವನು. ಒಂದು ಗಂಟೆ ಕೂತು ಕಾಫಿ ಕುಡಿದು ಹೋದನಂತೆ. ನನಗೆ ಲೇತ್ ಸದ್ದಿನಲ್ಲಿ ಕಾರು ಬಂದದ್ದೂ ಕೇಳಿಸಲಿಲ್ಲ.

ಜುಲೈ 22, ಮಂಗಳವಾರ

ಉಂಗುರಗಳು ಮುಗಿದಿದ್ದವು. ಇವತ್ತು ಮತ್ತೆ ಅಳೆದರೆ ಒಂದರ ಒಳಸುತ್ತು ಒಂದು ಥೌ ದೊಡ್ಡದು. ಇಂಚಿನ ಸಾವಿರದ ಒಂದು ಪಾಲು. ದುರ್ಬೀನು ಕೂರುತ್ತದೆ, ಗಟ್ಟಿಯಾಗಿಯೇ ಕೂರುತ್ತದೆ. ಆದರೂ ನನಗೆ ಗೊತ್ತಲ್ಲ. ಪಕ್ಕಕ್ಕೆ ಎಸೆದು ಹೊಸದು ಶುರು ಮಾಡಿದೆ. ಸೆಪ್ಟೆಂಬರ್ ಇನ್ನೂ ದೂರ ಇದೆ.

ಮಧ್ಯಾಹ್ನ ಓರಿನ್ ಬಾಗಿಲಿಂದ ಕೂಗಿದ. ಕೂಗಿದ ಎಂದರೆ ತಪ್ಪಾಗುತ್ತದೆ, ಚಮಚದಿಂದ ಬಾಗಿಲ ಚೌಕಟ್ಟು ಬಡಿದ. ರೇಡಿಯೋದಲ್ಲಿ ಬೇಸ್‌ಬಾಲ್ ಆಟ ಬರುತ್ತಿದೆ, ಬಾ ಕೂತ್ಕೋ ಅಂದ.

“ಇದೊಂದು ಮುಗಿಸಿ ಬರ್ತೀನಿ.”

“ಆ ಇನ್ನೊಂದು ಉಂಗುರಕ್ಕೂ ಹಾಗೇ ಅಂದಿದ್ದೆ.”

ನಗುನಗುತ್ತಲೇ ಅಂದ. ನಾನು ಹೋಗುವ ಹೊತ್ತಿಗೆ ಆಟ ಮುಗಿದು ಹವಾಮಾನ ವರದಿ ಬರುತ್ತಿತ್ತು. ಅವನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಕಾಲರ್ ಸಡಿಲವಾಗಿ ಕೊರಳು ಒಳಗೆ ಅಲ್ಲಾಡುವ ಹಾಗಿದೆ. ಆ ಅಂಗಿ ತೊಳೆದೂ ತೊಳೆದೂ ದೊಗಲೆಯಾಗಿರಬೇಕು.

ಆಗಸ್ಟ್ 5, ಮಂಗಳವಾರ

ಹೊಗೆ. ಪಶ್ಚಿಮದಲ್ಲಿ ಎಲ್ಲೋ ಕಾಡು ಹತ್ತಿಕೊಂಡು ಕಣಿವೆ ತುಂಬ ಹೊಗೆ, ಸೂರ್ಯ ತಾಮ್ರದ ಬಿಲ್ಲೆಯ ಹಾಗೆ. ಕಿಟಕಿಗಳನ್ನೆಲ್ಲ ಟೇಪ್ ಹಾಕಿ ಮುಚ್ಚಿದ್ದೇನೆ. ಓರಿನ್‌ಗೆ ಜಗುಲಿಯೂ ಇಲ್ಲ ಈಗ. ಯಂತ್ರದ ಗಾಳಿಯನ್ನು ನಿಮಿಷಕ್ಕೆ ಎರಡು ಲೀಟರಿನಿಂದ ನಾಲ್ಕಕ್ಕೆ ಏರಿಸಿ ಹೋದಳು ನರ್ಸ್.

ಮೂರನೇ ಸಲ ಬಳೆ ಮಾಡುತ್ತಿದ್ದೇನೆ. ಮೊದಲನೆಯದರ ಒಳಮೂಲೆ ಸ್ವಲ್ಪ ಚೂಪಾಗಿತ್ತು, ಕೈಗವಸಿಗೆ ಸಿಕ್ಕಿಕೊಳ್ಳಬಹುದು. ಎರಡನೆಯದಕ್ಕೆ ಏನಾಗಿತ್ತೋ ಈಗ ನೆನಪಾಗುತ್ತಿಲ್ಲ.

ಆಗಸ್ಟ್ 14, ಗುರುವಾರ

ಬರೆಯಲು ಆಗುತ್ತಿಲ್ಲ. ನಾಳೆ.

ಆಗಸ್ಟ್ 15, ಶುಕ್ರವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನೆ ತಳದ ತಗಡಿನ ಕೊನೆಯ ಸುತ್ತು. ಅಳತೆ ಆಗಲೇ ಸರಿಯಿತ್ತು. ಇನ್ನೊಂದು ಸಲ, ಕೂದಲಷ್ಟು, ಇನ್ನೊಂದು ಸಲ ಎಂದು ಸವರುತ್ತಲೇ ಇದ್ದೆ. ಟೂಲ್ ಮೊಂಡಾಗಿತ್ತು. ಬರುತ್ತಿದ್ದ ಚೂರು ಚೂರೇ ಅಲ್ಲ, ಹತ್ತಿಯಂಥ ಎಳೆ. ಅಂಥ ಎಳೆಗೆ ಬೆಂಕಿ ಎಷ್ಟು ಸಲೀಸು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನೇ ಮೂವತ್ತನಾಲ್ಕು ವರ್ಷ ಹೇಳಿಕೊಟ್ಟಿದ್ದೇನೆ. ಟ್ರೇ ತುಂಬ ಇದ್ದದ್ದು ಒಂದೇ ಸಲ ಹತ್ತಿಕೊಂಡು, ಕಣ್ಣು ಕುರುಡಾಗುವ ಬೆಳ್ಳನೆ ಬೆಳಕು.

ಮರಳಿನ ಬಕೆಟ್ ಕೈಗೆಟುಕುವಲ್ಲೇ ಇತ್ತು. ಸುರಿಯುತ್ತಿದ್ದೆ. ಆಗ ಬಾಗಿಲಲ್ಲಿ ಓರಿನ್. ಮೂಗಿನಲ್ಲಿ ಕೊಳವೆ ಇಲ್ಲ. ಎರಡೂ ಕೈಯಲ್ಲಿ ನೀರಿನ ಕೊಡಪಾನ.

“ನೀರು ಬೇಡ! ನೀರು ಹಾಕ್ಬೇಡ್ವೋ!” ಎಂದು ಕಿರುಚಿದೆ. ಮರ ಕೊಯ್ಯುವ ಮಿಲ್ಲಿನಲ್ಲಿ ಬದುಕೆಲ್ಲ ಕಳೆದವನಿಗೆ ಬೆಂಕಿ ಎಂದರೆ ನೀರು. ಈ ಬೆಂಕಿಗೆ ನೀರು ಬಿದ್ದರೆ ಸಿಡಿಯುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ನನ್ನ ಕಿರುಚಾಟಕ್ಕೆ ಅಲ್ಲೇ ನಿಂತ. ನೀರು ಕೆಳಗಿಟ್ಟ, ಚೆಲ್ಲದ ಹಾಗೆ ಜೋಪಾನವಾಗಿ. ಆಮೇಲೆ ಗೋಡೆ ಹಿಡಿದುಕೊಂಡು ಕುಸಿದ. ತುಟಿ ನೀಲಿಯಾಗಿತ್ತು.

ಅವನನ್ನು ಎತ್ತಿಕೊಂಡು ಒಳಗೆ ಬಂದೆ. ನಾನು, ಒಬ್ಬಳೇ, ಅರವತ್ತಾರು ವರ್ಷದವಳು, ಅವನನ್ನು ತೋಳಿನಲ್ಲಿ ಎತ್ತಿದೆ. ಇಷ್ಟು ಹಗುರ ಯಾವಾಗ ಆದ?

ಆಗಸ್ಟ್ 19, ಮಂಗಳವಾರ

ಓರಿನ್‌ನ ಅಕ್ಕ ವೆಸ್ಟಾ ಬಂದಿದ್ದಾಳೆ, ಆಲೂಗಡ್ಡೆ ಚೀಸ್ ಹಾಕಿ ಬೇಯಿಸಿದ ದೊಡ್ಡ ತಟ್ಟೆ ಹೊತ್ತುಕೊಂಡು. ಎಪ್ಪತ್ತನಾಲ್ಕು ವರ್ಷ, ನಾಲಿಗೆ ಇಪ್ಪತ್ತರದು. ಆಸ್ಪತ್ರೆಯ ಕಾರಿಡಾರಿನಲ್ಲೇ ಶುರು ಮಾಡಿದಳು.

“ಒಟ್ಟು ಎಷ್ಟು ಇಳಿಸಿದೆ, ಆ ಬಂದೂಕಿಂದ?”

“ಎಲ್ಲ ಮುಗಿದರೆ ಹತ್ತೂವರೆ ಔನ್ಸ್.”

“ಅವನು ಹೆಗಲಿಗೆ ಹಾಕ್ಕೊಳೋ ಸಿಲಿಂಡರ್ ಎಷ್ಟಿದೆ?”

ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡೆ.

“ಎಂಟು ಪೌಂಡ್. ನರ್ಸನ್ನ ಕೇಳಿದೆ. ಬಾತ್‌ರೂಮಿಗೆ ಹೋಗೋಕೆ ಮಧ್ಯ ಎರಡು ಸಲ ಕೂರ್ತಾನೆ ನನ್ನ ತಮ್ಮ. ಅವನು ಆ ಬೆಟ್ಟ ಹತ್ತುತಾನೆ ಅಂತ ಈ ಊರಲ್ಲಿ ನಂಬಿರೋಳು ನೀನೊಬ್ಳೇ. ಇಲ್ಲಾಂದ್ರೆ ನೀನೂ ನಂಬಿಲ್ಲ. ಯಾವುದು ಹೇಳು.”

“ವೆಸ್ಟಾ, ನಿಮ್ಮ ತಟ್ಟೆ ಫ್ರಿಜ್ಜಲ್ಲಿ ಇಡ್ತೀನಿ,” ಎಂದು ಎದ್ದು ಬಂದೆ. ಆಸ್ಪತ್ರೆಯಲ್ಲಿ ಫ್ರಿಜ್ ಎಲ್ಲಿದೆ! ತಟ್ಟೆ ಹಿಡಿದುಕೊಂಡು ಕಾರಿನಲ್ಲಿ ಕೂತು ಅತ್ತೆ. ಕೆಟ್ಟ ಹೆಂಗಸು. ಅವಳು ಹೇಳಿದ್ದು ಒಂದೂ ಸುಳ್ಳಲ್ಲ, ಅದಕ್ಕೇ ಕೆಟ್ಟವಳು.

ಆಗಸ್ಟ್ 23, ಶನಿವಾರ

ಮನೆಗೆ ಕರೆತಂದೆವು. ಇನ್ನು ಆಸ್ಪತ್ರೆ ಬೇಡ ಎಂದು ಅವನೇ ಹೇಳಿದ. ಗಾಳಿ ಎಂಟಕ್ಕೆ ಏರಿಸಿದ್ದಾರೆ. ಎರಡು ಯಂತ್ರ ಈಗ.

ಆಗಸ್ಟ್ 27, ಬುಧವಾರ

ಗ್ಯಾರೇಜಿಗೆ ಹೋಗಿ ಬೂದಿ ಗುಡಿಸಿದೆ. ಸುಟ್ಟ ತಗಡಿನ ಬದಲಿಗೆ ಹೊಸದು ಹಾಕಿದೆ ಲೇತ್‌ಗೆ. ಒಂದೇ ಒಂದು ಬಾಕಿ. ಅರ್ಧಕ್ಕೆ ಬಿಡುವುದು ನನಗೆ ಆಗುವುದಿಲ್ಲ.

ಸೆಪ್ಟೆಂಬರ್ 4, ಗುರುವಾರ

ಹೊಗೆ ತೆರವಾಗಿದೆ. ಕಾಸ್ಪರ್ ಬಂದ. ಓರಿನ್ ಮಲಗಿದ್ದರಿಂದ ನೇರ ಗ್ಯಾರೇಜಿಗೇ ಬಂದು ಹೊಸಿಲ ಮೇಲೆ ನಿಂತು ಟೋಪಿ ತೆಗೆದ. ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ್ದ ಭಾಗಗಳನ್ನು ನೋಡಿದ.

“ಎಷ್ಟು ಚೆನ್ನಾಗಿ ಮಾಡಿದೀರಿ. ಯಾರಿಗೆ ಕೊಡ್ತೀರಿ ಇದನ್ನ?”

ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ.

“ಟಗರು ಯಾರಿಗೆ ಹೋಯ್ತು ಗೊತ್ತಾಯ್ತಾ? ಕೆಳಗಿನ ಊರಲ್ಲಿ ಶಾಲೆ ಬಸ್ ಓಡಿಸೋ ಹೆಂಗಸು. ಹತ್ತೊಂಬತ್ತು ವರ್ಷದಿಂದ ಅರ್ಜಿ ಹಾಕ್ತಿದ್ಳಂತೆ. ಓರಿನ್ ವಾಪಸ್ ಕೊಟ್ಟ ಮೇಲೆ ಕಾಯೋರ ಪಟ್ಟೀಲಿ ಅವಳದೇ ಮುಂದಿನ ಹೆಸರು. ಫೋನ್ ಮಾಡಿದ್ರೆ ಅತ್ತೇ ಬಿಟ್ಳಂತೆ. ದೊಡ್ಡ ಮನಸ್ಸು ನಿಮ್ಮವನದು. ಇಟ್ಕೊಂಡು ಸುಮ್ನೆ ಹಾಳು ಮಾಡೋರೇ ಜಾಸ್ತಿ.”

“ಯಾವಾಗ ಕೊಟ್ಟ?”

ಕಾಸ್ಪರ್ ಮುಖ ನೋಡಬೇಕಿತ್ತು. ಟೋಪಿ ತಿರುಗಿಸುತ್ತಾ ನಿಂತ.

“ಜುಲೈಯಲ್ಲಿ. ನನ್ನ ಕೈಯಲ್ಲೇ ಕಳಿಸಿದ್ದು. ನಿಮಗೆ... ನಿಮಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ, ಲಾರ್ನಾ.”

ಬೈಬಲ್ ತೆಗೆದು ನೋಡಿದೆ. ಒಣಗಿದ ಒಂದು ನೀಲಿ ಹೂ ಇತ್ತು, ನಮ್ಮ ಮದುವೆಯ ವರ್ಷದ್ದು. ಬೇರೇನೂ ಇರಲಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಕೇಳಿಯೇಬಿಟ್ಟೆ. ಗಂಜಿ ಕುಡಿಸುತ್ತಾ, ಚಮಚ ಕೈಯಲ್ಲಿ ಹಿಡಿದುಕೊಂಡೇ.

“ಜುಲೈಯಲ್ಲೇ ವಾಪಸ್ ಕೊಟ್ಯಂತೆ.”

“ಕಾಸ್ಪರ್ ಬಾಯಿಗೆ ಬೀಗ ಇಲ್ಲ.”

“ನನಗ್ಯಾಕೆ ಹೇಳ್ಲಿಲ್ಲ?”

ಎರಡು ಮಾತಿಗೊಮ್ಮೆ ನಿಲ್ಲುತ್ತಾನೆ ಈಗ. ನಿಂತು ಉಸಿರು ಕೂಡಿಸಿಕೊಂಡು ಮತ್ತೆ.

“ಹೇಳೋಣ ಅಂತಲೇ ಕೂತಿದ್ದೆ. ಆ ಬಳೆ ಹಿಡ್ಕೊಂಡು... ಗುನುಗ್ತಾ ಬಂದೆ ನೀನು. ಫೆಬ್ರವರಿ ಆದ ಮೇಲೆ... ಮೊದಲ್ನೇ ಸಲ. ಹೇಗೆ ಹೇಳ್ಲಿ?”

“ನಾನು ಅಲ್ಲಿ ಸಾಯ್ತಿದ್ದಿದ್ದು ನಿನಗೋಸ್ಕರ ಕಣೋ!”

“ಗೊತ್ತು.”

“ಇಡೀ ಬೇಸಿಗೆ. ಇಲ್ಲಿ ಒಬ್ಬನೇ ಕೂತು ಬೇಜಾರಾಗ್ತಿರಲಿಲ್ವಾ ನಿನಗೆ?”

ಇಲ್ಲ ಅನ್ನುತ್ತಾನೆ ಅಂದುಕೊಂಡಿದ್ದೆ. ನಲವತ್ತೊಂದು ವರ್ಷ ಅವನು ಎಲ್ಲಕ್ಕೂ ಹಾಗೇ ಅಂದದ್ದು. ಕಿಟಕಿ ಕಡೆ ನೋಡುತ್ತಾ,

“ಆಗ್ತಿತ್ತು,” ಅಂದ.

ಅವನನ್ನು ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂತು. ಯಾರ ಮೇಲೆ ಬಂತೋ ಏನೋ. ಗಂಜಿ ತಣ್ಣಗಾಯಿತು. ಈ ಮನೆಯಲ್ಲಿ ಆ ಗುಂಯ್ ಸದ್ದು ಕೇಳಿಸದ ಜಾಗ ಅದೊಂದೇ ಇತ್ತು, ಗ್ಯಾರೇಜು. ಅದನ್ನು ಅವನಿಗೆ ಹೇಳಲಿಲ್ಲ. ಇಲ್ಲಿ ಬರೆದಿಡುತ್ತೇನೆ.

ಸೆಪ್ಟೆಂಬರ್ 9, ಮಂಗಳವಾರ

ಕೂತಿದ್ದೆ. ಅವನ ಹಾಸಿಗೆ ಪಕ್ಕದಲ್ಲೇ ರೇಡಿಯೋ ಹಾಕಿದೆ. ನಮ್ಮ ತಂಡ ಸೋತಿತು.

ಸೆಪ್ಟೆಂಬರ್ 15, ಸೋಮವಾರ

ಬೆಳಕು ಹರಿಯುವ ಮುಂಚೆಯೇ ಓರಿನ್ ಎಚ್ಚರವಾಗಿದ್ದ. ಅವನಿಗೆ ತಾರೀಖು ಗೊತ್ತು. ಅಪ್ಪನ ಬಂದೂಕು ತಾ ಅಂದ.

ತಂದೆ. ಕೆಳಗಿನ ಊರಿನ ಅಂಗಡಿಯಲ್ಲಿಟ್ಟ ಹೊಸ ಬಂದೂಕಿನ ಹಾಗೆ ಹೊಳೆಯುತ್ತಿತ್ತು. ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿಸಿದೆ. ಅವನು ಕೈಯಾಡಿಸಿದ, ಬಳೆಯ ಮೇಲೆ, ಉಂಗುರಗಳ ಮೇಲೆ, ಕೊನೆಗೆ ಹೆಗಲಿಗೆ ಆನಿಸುವ ತಗಡಿನ ಮೇಲೆ. ಹೆಬ್ಬೆರಳು ಅಲ್ಲೇ ಅತ್ತಿತ್ತ ಓಡಾಡಿತು. ಏನನ್ನೋ ಹುಡುಕುತ್ತಿತ್ತು.

“ಅಪ್ಪ ಬಂಡೆ ಮೇಲೆ ಬಿದ್ದಾಗ... ಒಂದು ಗುಳಿ ಆಗಿತ್ತು ಇಲ್ಲಿ.”

ಆ ಗುಳಿ ನನಗೂ ಗೊತ್ತು. ಜೂನಿನಲ್ಲಿ ಆ ತಗಡು ಬಿಚ್ಚುವಾಗ ನೋಡಿ, ಹೊಸದು ನುಣ್ಣಗಿರುತ್ತದೆ ಎಂದು ಖುಷಿಪಟ್ಟಿದ್ದೆ.

ಗ್ಯಾರೇಜಿಗೆ ಓಡಿ ಕಾಫಿ ಡಬ್ಬಿ ತಂದೆ, ಸ್ಕ್ರೂಡ್ರೈವರ್ ತಂದೆ. ಹಾಸಿಗೆಯ ಅಂಚಿನಲ್ಲಿ ಕೂತು ಒಂದೊಂದಾಗಿ ಬಿಚ್ಚಿದೆ. ಓರಿನ್ ತನ್ನ ಹೊಟ್ಟೆಯ ಮೇಲೆ ಕರವಸ್ತ್ರ ಹಾಸಿಕೊಂಡು ಹಳೆಯ ಸ್ಕ್ರೂಗಳನ್ನು ಅದರ ಮೇಲೆ ಜೋಡಿಸಿ ಒಂದೊಂದೇ ಕೊಡುತ್ತಿದ್ದ. ಎರಡು ಸಲ ತಪ್ಪು ಸ್ಕ್ರೂ ಕೊಟ್ಟ, ಬೇಕಂತಲೇ. “ಮೂವತ್ನಾಲ್ಕು ವರ್ಷದ ಕೆಲಸದೋಳಿಗೆ... ಗೊತ್ತಾಗುತ್ತಾ ನೋಡೋಣ ಅಂತ,” ಅಂದ. ಬೇಸಿಗೆಯೆಲ್ಲ ಮಾಡಿದ್ದನ್ನು ಇಪ್ಪತ್ತು ನಿಮಿಷದಲ್ಲಿ ಬಿಚ್ಚಿದೆವು. ಅವನ ಹತ್ತಿರ ಕೂತು ಕೆಲಸ ಮಾಡಿದ್ದು ಈ ಬೇಸಿಗೆಯಲ್ಲಿ ಅದೊಂದೇ ಸಲ.

ಒಂಬತ್ತು ಪೌಂಡ್ ಎರಡು ಔನ್ಸ್. ಅವನ ಕೈಯಲ್ಲಿ ಎತ್ತಲಾಗಲಿಲ್ಲ. ನಳಿಕೆಯ ಕಡೆ ನಾನು ಹಿಡಿದೆ, ಹಿಂಭಾಗ ಅವನ ಹೆಗಲಿಗೆ ಆನಿಸಿದೆ.

“ಭಾರ ಆಯ್ತಾ?”

“ಇಷ್ಟೇ ಇರ್ಬೇಕು.”

ಏಳೂವರೆಗೆ ಬೆಟ್ಟದ ಕಡೆಯಿಂದ ಒಂದು ಗುಂಡಿನ ಸದ್ದು ಬಂತು. ಬಹಳ ದೂರ. ಇಬ್ಬರೂ ಇನ್ನೊಂದಕ್ಕೆ ಕಾದೆವು. ಬರಲಿಲ್ಲ.

“ಬಸ್ಸಿನೋಳು,” ಅಂದ ಓರಿನ್. “ಒಂದೇ ಏಟು. ಚೆನ್ನಾಗಿ ಹೊಡೆದ್ಳು.”

ಸೆಪ್ಟೆಂಬರ್ 19, ಶುಕ್ರವಾರ

ಓರಿನ್ ಹೋದ. ಬೆಳಿಗ್ಗೆ ಆರೂ ಹತ್ತಕ್ಕೆ. ಪಕ್ಕದಲ್ಲೇ ಇದ್ದೆ.

ಸೆಪ್ಟೆಂಬರ್ 22, ಸೋಮವಾರ

ಯಂತ್ರಗಳನ್ನು ತೆಗೆದುಕೊಂಡು ಹೋಗಲು ಒಬ್ಬ ಬಂದಿದ್ದ. ಕೊಳವೆಯನ್ನು ಮೊಣಕೈಗೆ ಸುತ್ತಿ ಸುತ್ತಿ, ಒಗೆದ ಬಟ್ಟೆ ಒಣಹಾಕುವ ಹಗ್ಗದ ಹಾಗೆ, ಚೀಲಕ್ಕೆ ತುರುಕಿದ. ಸಹಿ ಹಾಕಿಸಿಕೊಂಡು ಹೋದ. ಮನೆ ಇಷ್ಟು ನಿಶ್ಶಬ್ದವಾಗಿ ಇರಬಲ್ಲದು ಎಂದು ಮರೆತೇಹೋಗಿತ್ತು. ಆ ಸದ್ದು ಇಲ್ಲದ ಜಾಗಕ್ಕೆ ಓಡುತ್ತಿದ್ದೆನಲ್ಲ, ಈಗ ಎಲ್ಲ ಕಡೆಯೂ ಅದೇ ಜಾಗ.

ಕಾಫಿ ಡಬ್ಬಿಯಲ್ಲಿ ಟೈಟಾನಿಯಂ ಇದೆ. ಅಲ್ಲಾಡಿಸಿದರೆ ಹಗುರವಾಗಿ ಗಿಲಕಿಯಂತೆ ಸದ್ದು ಮಾಡುತ್ತದೆ. ವೆಸ್ಟಾ ಎಸೆದುಬಿಡು ಅಂದಳು. ಎಸೆಯಲಿಲ್ಲ, ಮುಚ್ಚಳ ಹಾಕಿ ಗ್ಯಾರೇಜಿಗೆ ಒಯ್ದೆ.

ಅಡುಗೆಮನೆಯ ಹಿಂಬಾಗಿಲಿಂದ ಹೊರಟೆ. ಅವನ ಕುರ್ಚಿ ಅಲ್ಲೇ ಇದೆ. ಅಲ್ಲಿಂದ ಲೇತ್‌ವರೆಗೆ ಎಣಿಸುತ್ತಾ ನಡೆದೆ. ಹನ್ನೊಂದಕ್ಕೆ ನಾನಿನ್ನೂ ಗ್ಯಾರೇಜಿನ ಬಾಗಿಲಲ್ಲೇ ಇದ್ದೆ. ನನಗೆ ಹದಿನಾಲ್ಕು ಬೇಕಾಯಿತು. ಅವನ ಹೆಜ್ಜೆ ದೊಡ್ಡದಿತ್ತು.